ಹಿಂದೆ ಬಿಗಿದ ಕೊಂಡಿ

“ಕತ್ತಿ ಇಳಿಸಿ ಬೈರಯ್ಯ. ನನ್ನ ಮೇಲೆ ಎತ್ತಲಿ ಅಂತ ಅದನ್ನ ನಮ್ಮ ಯಜಮಾನ್ರು ನಿಮ್ಮ ಕೈಗೆ ಕೊಟ್ಟಿರ್ಲಿಲ್ಲ.”

ಜಾನಕಮ್ಮನವರು ದನಿ ಏರಿಸಿರಲಿಲ್ಲ. ಆದರೂ ಮಹಡಿಯ ಮೆಟ್ಟಿಲ ತುದಿಯಲ್ಲಿ, ಮುಚ್ಚಿದ ತೇಗದ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಬೈರಯ್ಯ ಅರ್ಧ ಹೆಜ್ಜೆ ಹಿಂದಕ್ಕೆ ಸರಿದ. ಸೈನ್ಯದಲ್ಲಿದ್ದು ಬಂದ ಮನುಷ್ಯ ಅವನು. ಚಾಮರಾಜಪೇಟೆಯ ಈ ಹಳೆಯ ಕಟ್ಟಡದಲ್ಲಿ ಫ್ರೀಮೇಸನ್ನರ, ಅಂದರೆ ಪ್ರಮಾಣ ಮಾಡಿ ಸೇರುವ ಗಂಡಸರ ಗುಪ್ತ ಸಂಘದ, ಸಭೆ ನಡೆಯುವಾಗಲೆಲ್ಲ ಹೊರಗಿನವರು ಒಳಗೆ ನುಗ್ಗದಂತೆ ಕತ್ತಿ ಹಿಡಿದು ಬಾಗಿಲು ಕಾಯುವುದು ಅವನ ಕೆಲಸ. ಎಷ್ಟೋ ವರ್ಷಗಳಿಂದ ಆ ಕತ್ತಿಗೆ ಎದುರು ನಿಂತವರೇ ಇರಲಿಲ್ಲ.

“ಅಮ್ಮ, ಸಭೆ ಶುರುವಾಗಿದೆ,” ಎಂದ ಬೈರಯ್ಯ. “ಬ್ರದರ್‌ಗಳು ಬಿಟ್ಟು ಬೇರೆ ಯಾರೂ ಒಳಗೆ ಹೋಗೋ ಹಾಗಿಲ್ಲ. ಹೆಂಗಸ್ರಂತೂ...”

“ಏನು ಸಭೆ?”

“ಡಾಕ್ಟ್ರ ಸ್ಮರಣೆ.”

“ನನ್ನ ಗಂಡನ ಸ್ಮರಣೆ. ನಾನು ಹೊರಗೆ, ನೀವೆಲ್ಲ ಒಳಗೆ. ಚೆನ್ನಾಗಿದೆ.”

ಅವರ ಬೆನ್ನ ಹಿಂದೆ, ಒಂದು ಮೆಟ್ಟಿಲು ಕೆಳಗೆ, ರಂಜಿನಿ ನಿಂತಿದ್ದಳು. ಮಲ್ಲೇಶ್ವರದಲ್ಲಿ ಹೂವಿನ ಅಂಗಡಿಯೊಂದರ ಮಹಡಿಯ ಮೇಲೆ ಅವಳ ಪತ್ತೇದಾರಿ ಆಫೀಸು. ವಿಮೆ ಕಂಪನಿಗಳ ತನಿಖೆ, ಮದುವೆಗೆ ಮುಂಚೆ ಗಂಡಿನ ಕಡೆಯವರ ವಿಚಾರಣೆ, ಇಷ್ಟರಲ್ಲೇ ಕಾಲ ಹಾಕುತ್ತಿದ್ದವಳು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ಬಸವನಗುಡಿಯಿಂದ ಆಟೋ ಹಿಡಿದು ಬಂದು ಎದುರು ಕುಳಿತ ಜಾನಕಮ್ಮನವರು ಹೇಳಿದ್ದು ಒಂದೇ ಮಾತು. ಇದೇ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದ ತಮ್ಮ ಗಂಡ, ಲಾಡ್ಜಿನ, ಅಂದರೆ ಆ ಸಂಘದ ಇಲ್ಲಿನ ಶಾಖೆಯ, ಮಾಸ್ಟರ್ ಡಾಕ್ಟರ್ ವೆಂಕಟಾಚಲ, ಪೊಲೀಸರು ಬರೆದುಕೊಂಡ ಹಾಗೆ ಕಾಲು ಜಾರಿ ಬಿದ್ದವರಲ್ಲ.

ಇಷ್ಟು ಬೇಗ ಹೊಸ್ತಿಲು ದಾಟಬಾರದು ಎಂದು ನೆಂಟರೆಲ್ಲ ತಡೆದಿದ್ದರಂತೆ. ಜಾನಕಮ್ಮನವರು ಹಣೆಯ ಕುಂಕುಮವನ್ನೂ ಅಳಿಸಿರಲಿಲ್ಲ, ದೊಡ್ಡಂಚಿನ ಸೀರೆಯನ್ನೂ ಬಿಟ್ಟಿರಲಿಲ್ಲ.

ಬೈರಯ್ಯ ಅವರ ಮುಖವನ್ನೇ ನೋಡಿದ. ಆಮೇಲೆ ಕತ್ತಿಯನ್ನು ನಿಧಾನವಾಗಿ ಇಳಿಸಿದ.

“ನಾನು ತಡೆದೆ, ನೀವು ನಿಲ್ಲಲಿಲ್ಲ. ಯಾರು ಕೇಳಿದ್ರೂ ಹೀಗೇ ಹೇಳ್ತೀನಿ.”

“ಹಾಗೇ ಹೇಳಿ. ಅದರಲ್ಲಿ ಸುಳ್ಳೇನಿದೆ?”

ಬಾಗಿಲನ್ನು ಜಾನಕಮ್ಮನವರೇ ತಳ್ಳಿದರು.

ಕಪ್ಪು ಬಿಳಿ ಚೌಕಗಳ ನೆಲ. ನೀಲಿ ಬಣ್ಣ ಬಳಿದ ಚಾವಣಿಯಲ್ಲಿ ಚಿನ್ನದ ಚುಕ್ಕಿಗಳು. ಪೂರ್ವದ ಗೋಡೆಗೆ ಎತ್ತರದ ಕುರ್ಚಿ, ಅದರ ಮೇಲೆ ಕೈವಾರ ಮತ್ತು ಮೂಲೆಮಟ್ಟದ ಗುರುತು. ಎರಡು ಕಡೆ ಸಾಲಾಗಿ ಕುಳಿತಿದ್ದವರೆಲ್ಲ ಕಪ್ಪು ಕೋಟು ತೊಟ್ಟು, ಬಿಳಿ ಕೈಗವಸು ಹಾಕಿ, ಸೊಂಟಕ್ಕೆ ನೀಲಿ ಅಂಚಿನ ಏಪ್ರನ್ ಕಟ್ಟಿದ್ದರು. ಮಾಸ್ಟರ್ ಕೂರುತ್ತಿದ್ದ ಆ ಎತ್ತರದ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿತ್ತು.

“ಯಾರ್ರೀ ಅದು ಬಾಗಿಲು ತೆಗೆದಿದ್ದು? ಬೈರಯ್ಯ!”

ಎದ್ದು ನಿಂತವನು ಪ್ರಭುದೇವ. ದೊಡ್ಡ ಕಟ್ಟಡಗಳ ಗುತ್ತಿಗೆದಾರ, ಲಾಡ್ಜಿನಲ್ಲಿ ಡಾಕ್ಟರ ನಂತರದ ಹಿರಿಯ. ಬಂದವರು ಯಾರೆಂದು ಕಂಡ ಕೂಡಲೇ ಅವನ ದನಿ ಇಳಿಯಿತು.

“ಜಾನಕಮ್ಮನವರೇ... ಇದು ಸಂಪ್ರದಾಯ ಅಲ್ಲ. ನೀವು ಕೆಳಗೆ ಕೂತಿರಿ, ಮುಗಿದ ಮೇಲೆ ನಾವೇ ಬಂದು ಮಾತಾಡಿಸ್ತೀವಿ.”

“ಪ್ರಭುದೇವ, ನಲವತ್ತು ವರ್ಷ ಈ ಏಪ್ರನ್ ಒಗೆದು ಇಸ್ತ್ರಿ ಮಾಡಿದೀನಿ. ಸಭೆ ದಿನ ಊಟಕ್ಕೆ ಎಷ್ಟು ಹೊತ್ತಾದ್ರೂ ಕಾದಿದೀನಿ. ಒಳಗೇನು ಮಾಡ್ತೀರಿ ಅಂತ ಒಂದು ದಿನ ಕೇಳಿದವಳಲ್ಲ. ಇವತ್ತು ಕೇಳಬೇಕು. ಕೇಳೇ ಹೋಗ್ತೀನಿ.”

ಹೊದಿಕೆ ಹಾಕಿದ್ದ ಆ ಕುರ್ಚಿಯ ಪಕ್ಕದಲ್ಲೇ ಒಂದು ಸ್ಟೂಲು ಎಳೆದುಕೊಂಡು ಅವರು ಕುಳಿತೇಬಿಟ್ಟರು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಕಿಟಕಿಯಾಚೆಯ ಅಂಗಳದಿಂದ ಗದ್ದಲ ಕೇಳುತ್ತಿತ್ತು. ಅಂದು ಭಾನುವಾರ, ಕೃತಕ ಕಾಲು ಕೊಡುವ ದಿನ. ಡಾಕ್ಟರು ನಿವೃತ್ತರಾದ ಮೇಲೆ ಲಾಡ್ಜಿನ ಹಿತ್ತಲಿನ ಶೆಡ್ಡಿನಲ್ಲಿ ಕೃತಕ ಕಾಲು ಮಾಡುವ ಕೇಂದ್ರ ತೆರೆದಿದ್ದರು. ಅಲ್ಲಿಯವರೆಗೆ ಪೇಟೆಯ ಜನ ಈ ಕಟ್ಟಡದ ಮುಂದೆ ಹಾಯುವಾಗ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು. ಒಳಗೆ ಬುರುಡೆ ಇಟ್ಟು ಪೂಜೆ ಮಾಡುತ್ತಾರೆ ಎಂಬ ಮಾತಿತ್ತು. ಈಗ ಕೇಳಿದರೆ ಎಲ್ಲರೂ ‘ಕಾಲಿನ ಲಾಡ್ಜಾ?’ ಎಂದು ದಾರಿ ತೋರಿಸುತ್ತಿದ್ದರು. ಚಿಕ್ಕಪೇಟೆಯಲ್ಲಿ ಮೂಟೆ ಹೊರುತ್ತಾ ಲಾರಿಗೆ ಸಿಕ್ಕವರು, ಸಕ್ಕರೆ ಕಾಯಿಲೆಗೆ ಕಾಲು ಕಳೆದುಕೊಂಡವರು, ಎಲ್ಲರೂ ಬರುತ್ತಿದ್ದರು. ಡಾಕ್ಟರು ಸತ್ತ ಮಾರನೆಯ ದಿನ ಶೆಡ್ಡಿಗೆ ಬೀಗ ಬಿದ್ದಿತ್ತು. ಜನ ಮಾತ್ರ ಬರುವುದನ್ನು ಬಿಟ್ಟಿರಲಿಲ್ಲ.

“ಇವರು ಯಾರು?” ಪ್ರಭುದೇವ ರಂಜಿನಿಯತ್ತ ಬೆರಳು ಮಾಡಿದ.

“ರಂಜಿನಿ. ಪತ್ತೇದಾರಿ ಕೆಲಸ ಮಾಡ್ತೀನಿ. ಜಾನಕಮ್ಮನವರ ಪರವಾಗಿ ಬಂದಿದೀನಿ.”

“ಗೊತ್ತಾಯ್ತು. ಶ್ರೀರಾಂಪುರದ ಪಾರ್ವತಮ್ಮನ ಮಗಳು ತಾನೆ?” ಪ್ರಭುದೇವ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಂಡ. “ನಿಮ್ಮ ತಾಯಿಗೆ ಕಾಲು ಕೊಟ್ಟಿದ್ದು ಈ ಲಾಡ್ಜು. ಅದನ್ನ ನೆನಪಲ್ಲಿಟ್ಕೊಂಡು ಮಾತಾಡಿ.”

ರಂಜಿನಿಯ ಕಿವಿ ಬಿಸಿಯಾಯಿತು. ಆದರೆ ಅವಳು ತಲೆ ತಗ್ಗಿಸಲಿಲ್ಲ.

“ನೆನಪಿದೆ ಸರ್. ಅಮ್ಮನಿಗೆ ಕಾಲು ಕೊಟ್ಟಿದ್ದು ನಿಂತ್ಕೊಳ್ಳಲಿ ಅಂತ. ನಿಮ್ಮ ಕಾಲಿಗೆ ಬೀಳಲಿ ಅಂತ ಅಲ್ಲ. ಕೊಟ್ಟವರೇ ಸತ್ತಿರುವಾಗ ಬಾಯಿ ಮುಚ್ಕೊಂಡಿದ್ರೆ ಅದು ಯಾವ ಸೀಮೆ ಋಣ?”

ಸಾಲಿನಲ್ಲಿ ಯಾರೋ ಕೆಮ್ಮಿದರು. ರಂಜಿನಿ ಚೌಕದ ನೆಲದ ನಡುವೆ ಬಂದು ನಿಂತಳು.

“ಪೊಲೀಸರ ಪ್ರಕಾರ ಡಾಕ್ಟರು ಏಪ್ರನ್ ಕಟ್ಕೊಂಡು ಸಭೆಗೆ ಅಂತ ಮೆಟ್ಟಿಲು ಹತ್ತಿದ್ರು, ಜಾರಿದ್ರು, ತಲೆಗೆ ಪೆಟ್ಟಾಯ್ತು. ಆ ಏಪ್ರನ್ ಬಗ್ಗೆ ಒಂದು ಮಾತು ಕೇಳಿಸ್ಕೊಳ್ಳಿ. ಜಾನಕಮ್ಮನವರೇ, ನೀವೇ ಹೇಳಿ.”

ಜಾನಕಮ್ಮನವರು ಸೆರಗನ್ನು ಭುಜಕ್ಕೆ ಎಳೆದುಕೊಂಡರು.

“ಅವರ ಬಲ ಭುಜ ಸೆಟೆದುಕೊಂಡು ಬಹಳ ದಿನ ಆಗಿತ್ತು. ಕೈ ಬೆನ್ನ ಹಿಂದಕ್ಕೆ ಹೋಗ್ತಿರ್ಲಿಲ್ಲ. ಇನ್ನೊಬ್ರ ಹತ್ರ ಕಟ್ಟಿಸ್ಕೊಳ್ಳೋದಂದ್ರೆ ಅವರಿಗೆ ಅವಮಾನ. ಅದಕ್ಕೇ ನಾನು ಪಟ್ಟಿ ಉದ್ದ ಮಾಡಿ ಹೊಲಿದುಕೊಟ್ಟೆ. ಹಿಂದಿಂದ ಸುತ್ತಿ ತಂದು, ಮುಂದುಗಡೆ ಮಡಿಕೆಯ ಕೆಳಗೆ ಕೊಂಡಿ ಹಾಕ್ಕೊಳ್ತಿದ್ರು. ಹೊರಗಿಂದ ನೋಡಿದೋರಿಗೆ ಗೊತ್ತೇ ಆಗ್ತಿರ್ಲಿಲ್ಲ.”

ಅವರು ಉಸಿರು ತೆಗೆದುಕೊಂಡರು.

“ಆಸ್ಪತ್ರೇಲಿ ಅವರನ್ನ ನನಗೆ ತೋರಿಸಿದಾಗ ಕೊಂಡಿ ಬೆನ್ನ ಹಿಂದೆ ಇತ್ತು. ಉಳಿದ ಪಟ್ಟಿಯನ್ನ ಮಡಚಿ ಒಳಗೆ ಸಿಕ್ಕಿಸಿದ್ರು. ನೀಟಾಗಿ.”

ಒಬ್ಬಿಬ್ಬರು ತಮ್ಮ ಏಪ್ರನ್ನಿನ ಕೊಂಡಿಯನ್ನು ತಡವಿ ನೋಡಿಕೊಂಡರು.

“ಅಂದ್ರೆ ಆ ಏಪ್ರನ್ ಅವರು ಕಟ್ಕೊಂಡಿದ್ದಲ್ಲ,” ಎಂದಳು ರಂಜಿನಿ. “ಯಾರೋ ಕಟ್ಟಿದ್ದು. ಬದುಕಿದ್ದಾಗ ಕಟ್ಟಿಸ್ಕೊಳ್ಳೋ ಮನುಷ್ಯ ಅಲ್ಲ ಅವರು. ಸತ್ತ ಮೇಲೆ ಕಟ್ಟಿದಾರೆ. ಸತ್ತಿದ್ದು ಬೇರೆ ಕಡೆ, ಮಲಗಿಸಿದ್ದು ಮೆಟ್ಟಿಲ ಕೆಳಗೆ. ಏಪ್ರನ್ ಇಡೋ ಜಾಗ ಗೊತ್ತಿದ್ದವರು, ಕಟ್ಟೋ ರೀತಿ ಗೊತ್ತಿದ್ದವರು ಮಾಡಿದ ಕೆಲಸ ಇದು. ಅವರು ಈ ಕೋಣೇಲಿದಾರೆ.”

“ಸಾಕು!” ಪ್ರಭುದೇವನ ಮುಖ ಕೆಂಪಾಗಿತ್ತು. “ಇಲ್ಲಿ ಕೂತಿರೋರು ಒಬ್ಬರಿಗೊಬ್ಬರು ಪ್ರಮಾಣ ಮಾಡಿದವರು. ಒಬ್ಬ ಬ್ರದರ್ ನಂಬಿ ಹೇಳಿದ ಮಾತನ್ನ ಇನ್ನೊಬ್ಬ ಹೊರಗೆ ಹಾಕಲ್ಲ. ಪೊಲೀಸರು ಮುಗಿಸಿರೋ ವಿಷಯಾನ ನೀವು ಕೆದಕಬೇಡಿ.”

ಮಾತಿನ ಧಾಟಿಗಿಂತ ಅವನ ಕಣ್ಣು ರಂಜಿನಿಯನ್ನು ಹೆಚ್ಚು ಸೆಳೆಯಿತು. ಕೋಪದ ಮಾತಾಡುತ್ತಿದ್ದ ಮನುಷ್ಯ ಪದೇ ಪದೇ ಕಿಟಕಿಯ ಕಡೆ, ಶೆಡ್ಡಿನ ಕಡೆ ನೋಡುತ್ತಿದ್ದ. ಹಳೆಯ ಶೆಡ್ಡನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸಬೇಕೆಂದು ಡಾಕ್ಟರ ಜೊತೆ ಜೋರಾಗಿ ವಾದಿಸಿದ್ದವನೂ ಇವನೇ. ಬೀಗ ಬಿದ್ದ ಮೇಲೆ ದಿನಾ ಬೆಳಗ್ಗೆ ಒಬ್ಬನೇ ಹಿತ್ತಲಿಗೆ ಬಂದು ಹೋಗುತ್ತಾನೆಂದು ಬೈರಯ್ಯ ನಿನ್ನೆಯಷ್ಟೇ ಅವಳಿಗೆ ಹೇಳಿದ್ದ.

ಜಾನಕಮ್ಮನವರು ಎದ್ದರು.

“ಪ್ರಮಾಣದ ಮಾತು ನೀವೇ ತೆಗೆದ್ರಿ, ಒಳ್ಳೇದಾಯ್ತು. ನನ್ನ ಗಂಡ ಮನೇಲಿ ಈ ಲಾಡ್ಜಿನ ಒಂದು ಗುಟ್ಟನ್ನೂ ಬಿಟ್ಟುಕೊಟ್ಟವರಲ್ಲ. ಒಂದು ಸಲ ನಾನು ತಮಾಷೆಗೆ ಕೇಳಿದ್ದೆ, ನಿಮ್ಮಲ್ಲಿ ಯಾರಾದ್ರೂ ಕೊಲೆ ಮಾಡಿದ್ರೂ ಮುಚ್ಚಿಡ್ತೀರಾ ಅಂತ. ಅವರು ನಗಲಿಲ್ಲ. ‘ಜಾನಕಿ, ನಮ್ಮ ಪ್ರಮಾಣದಲ್ಲೇ ಇದೆ, ಕೊಲೆಗೆ ಗುಟ್ಟು ಇಲ್ಲ’ ಅಂದ್ರು. ಇದೆಯೋ ಇಲ್ವೋ?”

ಸಾಲಿನಲ್ಲಿದ್ದ ತಲೆಗಳು ಒಂದೊಂದಾಗಿ ಬಾಗಿದವು.

“ಇದೆ, ಅಮ್ಮ.”

ಬಾಗಿಲ ಹತ್ತಿರದ ಮೇಜಿನಿಂದ ಬಂದ ದನಿ ಅದು. ಮಹಾನಂದ, ಲಾಡ್ಜಿನ ಕಾರ್ಯದರ್ಶಿ. ವಕೀಲ. ಡಾಕ್ಟರ ಮನೆಯಲ್ಲಿ ಮಗನ ಹಾಗೆ ಓಡಾಡಿಕೊಂಡಿದ್ದವನು. ಅವನು ಕೈಗವಸು ಕಳಚಿ ಮೇಜಿನ ಮೇಲಿಟ್ಟು ಮುಂದೆ ಬಂದ.

“ಇನ್ನು ಮುಚ್ಚಿಡಲಾರೆ. ಆ ಕೊಂಡಿ ಹಾಕಿದ್ದು ನಾನು.”

ಬಾಂಬು ಬಿದ್ದ ಹಾಗಿತ್ತು ಆ ಮಾತು. ಒಬ್ಬಿಬ್ಬರು ಎದ್ದೇ ನಿಂತರು.

“ಕೊಂದಿದ್ದು ನಾನಲ್ಲ,” ಎನ್ನುತ್ತಾ ಮಹಾನಂದ ಎರಡೂ ಕೈ ಎತ್ತಿದ. “ಸಭೆಗೆ ಸ್ವಲ್ಪ ಮುಂಚೇನೇ ಬಂದಿದ್ದೆ. ಬೈರಯ್ಯ ಇನ್ನೂ ಬಂದಿರ್ಲಿಲ್ಲ. ಶೆಡ್ಡಿನ ಬಾಗಿಲು ತೆಗೆದೇ ಇತ್ತು. ಒಳಗೆ ಡಾಕ್ಟ್ರು ನೆಲದ ಮೇಲೆ ಬಿದ್ದಿದ್ರು. ತಲೆ ಕಬ್ಬಿಣದ ಮೇಜಿನ ಮೂಲೆಗೆ ಬಡಿದಿತ್ತು. ಮುಟ್ಟಿ ನೋಡಿದೆ, ಉಸಿರಿರ್ಲಿಲ್ಲ. ಸಮರ್ಥ ಎಲ್ಲೂ ಕಾಣಿಸ್ಲಿಲ್ಲ.”

ಸಮರ್ಥ ಎಂದರೆ ಶೆಡ್ಡಿನಲ್ಲಿ ಕಾಲುಗಳನ್ನು ತಯಾರಿಸುತ್ತಿದ್ದ ಟೆಕ್ನಿಷಿಯನ್. ಆ ಸಂಜೆಯಿಂದ ಅವನು ಮನೆಗೂ ಹೋಗಿರಲಿಲ್ಲ, ಅವನ ಫೋನೂ ಹತ್ತುತ್ತಿರಲಿಲ್ಲ.

“ಅವನೇ ತಳ್ಳಿರಬೇಕು, ಏನೋ ಜಗಳ ಆಗಿರಬೇಕು ಅನ್ಕೊಂಡೆ. ಕಾಲಿನ ಶೆಡ್ಡಿನಲ್ಲಿ ಕೊಲೆ ಅಂತ ಪೇಪರಿನಲ್ಲಿ ಬಂದ್ರೆ ಮತ್ತೆ ಅಲ್ಲಿಗೆ ಯಾರಮ್ಮ ಬರ್ತಾರೆ? ಡಾಕ್ಟ್ರು ಕಟ್ಟಿದ್ದೆಲ್ಲ ಅವರ ಜೊತೇಲೇ ಹೋಗ್ತಿತ್ತು. ಅವರನ್ನ ಎತ್ಕೊಂಡು ಬಂದು ಮೆಟ್ಟಿಲ ಕೆಳಗೆ ಮಲಗಿಸ್ದೆ. ಮಾಸ್ಟರ್ ಆಗಿದ್ದವರು ಮಾಸ್ಟರ್ ಥರಾನೇ ಹೋಗ್ಲಿ ಅಂತ ಏಪ್ರನ್ ಕಟ್ಟಿದೆ. ತಪ್ಪು ಮಾಡ್ದೆ. ಆದ್ರೆ ಲಾಡ್ಜಿಗೋಸ್ಕರ ಮಾಡ್ದೆ.”

“ಚಟ್ಟಕ್ಕೆ ಹೆಗಲು ಕೊಟ್ಟಾಗ್ಲೂ ಹೇಳ್ಲಿಲ್ಲವಲ್ಲೋ, ಮಹಾನಂದ,” ಎಂದರು ಜಾನಕಮ್ಮನವರು.

ಅವನು ಅವರ ಪಾದದ ಬಳಿ ಕುಸಿದು ಕುಳಿತು ಅತ್ತ. ಎರಡೂ ಸಾಲಿನಲ್ಲಿ ಕಣ್ಣೊರೆಸಿಕೊಂಡವರಿದ್ದರು. ಜಾನಕಮ್ಮನವರ ಕೈ ಒಂದು ಗಳಿಗೆ ಅವನ ತಲೆಯ ಮೇಲೆ ತೂಗಿ, ಕೊನೆಗೆ ಅಲ್ಲಿ ಇಳಿಯಿತು.

ರಂಜಿನಿ ನೋಡುತ್ತಿದ್ದುದು ಪ್ರಭುದೇವನನ್ನು. ಇಡೀ ಕೋಣೆ ಮಹಾನಂದನಿಗಾಗಿ ಮರುಗುತ್ತಿದ್ದರೆ ಅವನು ಮಾತ್ರ ಸುಣ್ಣದ ಗೋಡೆಯ ಹಾಗೆ ಬಿಳುಚಿ ನಿಂತಿದ್ದ.

“ಪ್ರಭುದೇವ ಸರ್, ಮಾರನೇ ದಿನ ಶೆಡ್ಡಿಗೆ ಬೀಗ ಹಾಕಿದ್ದು ಯಾರು?”

“ನಾನು.”

“ಡಾಕ್ಟರು ಮೆಟ್ಟಿಲಿಂದ ಬಿದ್ದು ಸತ್ರು ಅಂತ ಊರೆಲ್ಲ ಹೇಳ್ತಿತ್ತು. ಶೆಡ್ಡಿಗೆ ಬೀಗ ಯಾಕೆ ಬಿತ್ತು?”

ಪ್ರಭುದೇವ ಮತ್ತೆ ಕಿಟಕಿಯತ್ತ ತಿರುಗಿದ.

“ದಿನಾ ಬೆಳಗ್ಗೆ ಒಬ್ಬರೇ ಬಂದು ಏನು ಮಾಡ್ತೀರಿ?”

“ಅದು ನಿಮಗೆ ಬೇಡ.”

“ಬೇಕು,” ಎಂದರು ಜಾನಕಮ್ಮನವರು. “ಬೀಗದ ಕೈ ಕೊಡಿ. ನನ್ನ ಗಂಡ ಸತ್ತ ಜಾಗ ನಾನು ನೋಡ್ಬೇಕು.”

“ಇವತ್ತು ಬೇಡ, ದಯವಿಟ್ಟು...”

“ಇವತ್ತೇ.”

ಅಂಗಳಕ್ಕೆ ಇಳಿದಾಗ ಬಿಸಿಲು ಏರಿತ್ತು. ಮಹಾನಂದ ಜಾನಕಮ್ಮನವರ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬಂದ. ಹಿಂದೆ ಏಪ್ರನ್ ಕಟ್ಟಿದವರ ಹಿಂಡು. ಶೆಡ್ಡಿನ ಮುಂದೆ ಊರುಗೋಲು ಒರಗಿಸಿಕೊಂಡು ಕುಳಿತಿದ್ದ ಜನ ಅವರನ್ನು ಕಂಡು ಎದ್ದರು. ಗೇಟಿನ ಕಾವಲುಗಾರ ಆ ಜನರನ್ನು ಹೊರಗೆ ಕಳಿಸಲು ಹೆಣಗುತ್ತಿದ್ದ.

“ಎಷ್ಟು ಸಲ ಹೇಳೋದು, ಹೋಗ್ರೀ ಅಂತ!”

“ಎಲ್ಲಿಗೆ ಹೋಗಾನ?” ಮುಂದೆ ನಿಂತಿದ್ದ ಪಾರ್ವತಮ್ಮ ಕೋಲನ್ನು ನೆಲಕ್ಕೆ ಕುಟ್ಟಿದಳು. ರಂಜಿನಿಯ ತಾಯಿ. ಬೆಳಗ್ಗೆಯಿಂದ ಆ ಗುಂಪಿಗೆ ಅವಳದೇ ಮುಂದಾಳತನ. “ಹೋಗಾನ ಅಂದ್ರೂ ನನ್ನ ಕಾಲು ಒಳಗದೆ. ರಿಪೇರಿಗೆ ಕೊಟ್ಟಿದ್ದು. ಕಾಲು ಕೊಡ್ರಿ, ಆಮೇಲೆ ಹೋಗು ಅನ್ನಿ!”

ಗುಂಪು ಗೊಳ್ಳೆಂದು ನಕ್ಕಿತು. ಚಿಕ್ಕಪೇಟೆಯ ಹಮಾಲನೊಬ್ಬ ಶಿಳ್ಳೆ ಹಾಕಿದ. ಆಮೇಲೆ ಎಲ್ಲರೂ ಊರುಗೋಲುಗಳನ್ನು ಕಲ್ಲುಹಾಸಿಗೆ ಕುಟ್ಟತೊಡಗಿದರು. ಕಾವಲುಗಾರ ಹಿಂದೆ ಸರಿದ.

“ಪಾರ್ವತಮ್ಮ,” ಎಂದರು ಜಾನಕಮ್ಮನವರು, “ಇವತ್ತು ಬಾಗಿಲು ತೆಗೀತೀವಿ. ಈ ಕೇಂದ್ರ ಮುಚ್ಚಲ್ಲ. ಅದನ್ನ ಮುಚ್ಚಬೇಕಾದ್ರೆ ನನ್ನನ್ನ ದಾಟಿ ಹೋಗ್ಬೇಕು.”

“ನೀವೊಬ್ರೇ ಯಾಕವ್ವ? ನಾವೂ ಅಡ್ಡ ಮಲಗ್ತೀವಿ. ಎತ್ತಾಕೋಕೆ ಎಷ್ಟು ಜನ ಬರ್ತಾರೋ ಬರ್ಲಿ.”

ಪ್ರಭುದೇವ ರಂಜಿನಿಯ ಹತ್ತಿರ ಬಂದ. ಬೀಗದ ಕೈಯನ್ನು ಅವಳ ಅಂಗೈಗೆ ಒತ್ತುವಾಗ ಅವನ ಬೆರಳು ತಣ್ಣಗಿತ್ತು. ಅವಳಿಗೆ ಮಾತ್ರ ಕೇಳುವಂತೆ ಉಸುರಿದ:

“ಎಲ್ಲರನ್ನೂ ಮೊದಲು ಕಳಿಸಿ ಮೇಡಂ. ಆಮೇಲೆ ನೀವೂ ಜಾನಕಮ್ಮನವರೂ ಇಬ್ಬರೇ ತೆಗೀರಿ. ಕೈ ಮುಗೀತೀನಿ.”

ಇಷ್ಟು ಹೊತ್ತು ಗದರುತ್ತಿದ್ದವನು ಈಗ ಬೇಡುತ್ತಿದ್ದಾನೆ. ಅಳಿಸಬೇಕಾದ್ದೇನೋ ಒಳಗಿದೆ, ಕಾಲಾವಕಾಶ ಕೇಳುತ್ತಿದ್ದಾನೆ ಎಂದುಕೊಂಡಳು ರಂಜಿನಿ.

“ಗುಟ್ಟಿನ ಕಾಲ ಮುಗೀತು ಸರ್,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. “ಈ ಬಾಗಿಲು ಎಲ್ಲರ ಮುಂದೇನೇ ತೆಗೆಯೋದು.”

ಊರುಗೋಲುಗಳು ಮತ್ತೆ ಕುಟ್ಟಿದವು. ಪ್ರಭುದೇವ ಕಣ್ಣು ಮುಚ್ಚಿಕೊಂಡ.

ಅವಳು ಬೀಗದ ಕೈ ತಿರುವಿದಳು. ಬೀಗ ಕಳಚಿ ಕೈಗೆ ಬಂತು. ಅಗುಳಿ ಸರಿಸಿ ಬಾಗಿಲನ್ನು ತಳ್ಳಿದಳು.

ಬಾಗಿಲು ಜಗ್ಗಲಿಲ್ಲ.

ಹೆಗಲು ಕೊಟ್ಟು ತಳ್ಳಿದಳು. ಮರ ಸ್ವಲ್ಪ ಅಲುಗಿ ಅಲ್ಲೇ ನಿಂತಿತು. ಹೊರಗಿನಿಂದ ಬೀಗ ಹಾಕಿದ್ದ ಶೆಡ್ಡಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.

ಕುಟ್ಟುತ್ತಿದ್ದ ಊರುಗೋಲುಗಳು ಒಂದೊಂದಾಗಿ ನಿಂತವು. ಆ ಮೌನದಲ್ಲಿ ಬಾಗಿಲ ಆಚೆ ಯಾರೋ ಕಾಲೆಳೆದುಕೊಂಡು ಹತ್ತಿರ ಬಂದ ಸದ್ದು ಎಲ್ಲರಿಗೂ ಕೇಳಿತು.

“ಪ್ರಭುದೇವ ಸರ್?” ಒಳಗಿನಿಂದ ಗಂಡಸಿನ ದನಿ. ಬಳಲಿದ ದನಿ. “ಇದೇನು ಗಲಾಟೆ? ನೀವೇನಾ?”

ಜಾನಕಮ್ಮನವರು ಬಾಗಿಲಿಗೆ ಅಂಗೈ ಊರಿದರು.

“ಸಮರ್ಥ! ಸಮರ್ಥ, ನೀನೇನೋ?”

“ಅಮ್ಮಾ...” ದನಿ ಒಡೆಯಿತು. “ನಾನು ಡಾಕ್ಟ್ರನ್ನ ಏನೂ ಮಾಡ್ಲಿಲ್ಲ ಅಮ್ಮಾ. ನನ್ನ ಜೀವ ಉಳಿಸ್ಬೇಕು ಅಂತ ಪ್ರಭುದೇವ ಸರ್ ಇಲ್ಲಿ ಇಟ್ಟಿದಾರೆ. ದಿನಾ ಊಟ ತಂದುಕೊಡ್ತಿದಾರೆ.”

ರಂಜಿನಿ ತಟ್ಟನೆ ತಿರುಗಿ ಪ್ರಭುದೇವನನ್ನು ನೋಡಿದಳು. ಎರಡು ವಾರದಿಂದ ಅವನು ಕಣ್ಣಿನಲ್ಲಿ ಹೊತ್ತುಕೊಂಡಿದ್ದ ಭಯ ಯಾವುದೆಂದು ಈಗ ಅವಳಿಗೆ ತಿಳಿಯಿತು. ಅದು ಸಿಕ್ಕಿಬೀಳುವವನ ಭಯವಾಗಿರಲಿಲ್ಲ. ಕಾಪಾಡುತ್ತಿದ್ದವನ ಭಯ. ಬೇಡ ಬೇಡವೆಂದರೂ ಊರಿಗೆಲ್ಲ ಆ ಬಾಗಿಲು ತೋರಿಸಿದವಳು ತಾನೇ.

“ಬಾಗಿಲು ತೆಗಿ ಕಣಪ್ಪ,” ಜಾನಕಮ್ಮನವರು ಅಳುತ್ತಿದ್ದರು. “ಹೆದರಬೇಡ. ನಿನ್ನ ಕೂದಲು ಕೊಂಕೋಕೆ ಬಿಡಲ್ಲ ನಾನು.”

ಒಳಗೆ ಚಿಲಕ ಕಿರುಗುಟ್ಟಿತು. ನಿಧಾನವಾಗಿ ಸರಿಯತೊಡಗಿತು.

“ನಿಮ್ಮ ಜೊತೆ ಯಾರಿದಾರೆ ಅಮ್ಮ?”

“ಎಲ್ಲಾರೂ ಇದೀವಿ. ಪಾರ್ವತಮ್ಮ ಇದಾಳೆ, ಪ್ರಭುದೇವ ಇದಾರೆ, ನನ್ನ ಪಕ್ಕದಲ್ಲೇ ಮಹಾನಂದ...”

ಚಿಲಕ ನಿಂತಿತು.

ಮರುಗಳಿಗೆಯಲ್ಲಿ, ಅರ್ಧ ಸರಿದಿದ್ದ ಚಿಲಕ ರಪ್ಪೆಂದು ತಿರುಗಿ ತನ್ನ ಜಾಗಕ್ಕೆ ಬಡಿಯಿತು.

ಪ್ರಭುದೇವ ಮುಂದಕ್ಕೆ ಧಾವಿಸಿದ. ಜನದ ನಡುವೆ ಸಿಕ್ಕಿಕೊಂಡ. ಮಹಾನಂದ ಜಾನಕಮ್ಮನವರ ತೋಳನ್ನು ಇನ್ನೂ ಬಿಟ್ಟಿರಲಿಲ್ಲ. ಅತ್ತ ಕಣ್ಣು ಕೆಂಪಾಗೇ ಇತ್ತು; ಮುಖದಲ್ಲಿ ಮಾತ್ರ ಅಳುವಿನ ಕುರುಹೂ ಉಳಿದಿರಲಿಲ್ಲ.

“ಯಾಕೋ ಸಮರ್ಥ?” ಎಂದ, ಮಗುವನ್ನು ರಮಿಸುವವನ ಹಾಗೆ. “ನಾನಿದೀನಲ್ಲ. ಬಾಗಿಲು ತೆಗಿ.”

ಸಮರ್ಥ ಇಷ್ಟು ದಿನ ಹೆದರಿ ಅಡಗಿದ್ದು ಯಾರಿಗೆಂದು ರಂಜಿನಿಗೆ ಹೊಳೆಯಿತು; ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹಿಂದೆ ಮರದ ಆಚೆ ನಡುಗುತ್ತಿದ್ದ ಉಸಿರು ಅವಳ ಬೆನ್ನಿಗೇ ತಾಗಿದಂತಿತ್ತು.

“ಜಾನಕಮ್ಮನವರ ಕೈ ಬಿಡಿ, ಮಹಾನಂದ ಸರ್. ಅಲ್ಲೇ ನಿಂತ್ಕೊಳ್ಳಿ.”

ಮಹಾನಂದ ಕೈ ಬಿಡಲಿಲ್ಲ. ಜಾನಕಮ್ಮನವರನ್ನು ತನ್ನ ಮುಂದಕ್ಕೆ ಎಳೆದುಕೊಂಡ.